ಮಿಡತೆಯ ಬೆನ್ನು ಹತ್ತಿದ ಕೃಷಿ ನಿರ್ದೇಶಕ: ಡಾ. ಲೆಸ್ಲಿ ಸಿ. ಕೋಲ್ಮನ್ ಅವರ ಜೀವನ ಮತ್ತು ಲಿಂಗ ವರ್ಣತಂತುಗಳ ಕಥೆ

ಪೀಠಿಕೆ

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ರೈತರ ಸೀಮೆಯಲ್ಲಿ ಭತ್ತ, ರಾಗಿ ಮತ್ತು ತೆಂಗಿನ ನಡುವೆ ಅಲ್ಲಲ್ಲಿ ಹಿಪ್ಪುನೇರಳೆಯ ತಾಕುಗಳೂ ಕಾಣಸಿಗುತ್ತವೆ. ಹಿಪ್ಪುನೇರಳೆ ಇರುವಲ್ಲಿ ರೇಷ್ಮೆ ಹುಳು ಇರುತ್ತದೆ. ಚಂದ್ರಿಕೆಯಿಂದ ಬಿಡಿಸಿದ ಗೂಡುಗಳ ರಾಶಿಯಲ್ಲಿ ಸರಿಸುಮಾರು ಅರ್ಧದಷ್ಟು ಹೆಣ್ಣು, ಅರ್ಧದಷ್ಟು ಗಂಡು. ಸೊಪ್ಪು ಹೆಚ್ಚು ಹಾಕಿದರೂ ಕಡಿಮೆ ಹಾಕಿದರೂ, ಮನೆ ಬೆಚ್ಚಗಿದ್ದರೂ ತಂಪಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಹುಳು ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದು ಮೊಟ್ಟೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಅದನ್ನು ನಿಶ್ಚಯಿಸುವುದು ತಾಯಿ ಪತಂಗ.

ಮನುಷ್ಯರಲ್ಲಿ ಇದು ತಿರುಗುಮುರುಗು; ಅಲ್ಲಿ ಮಗುವಿನ ಲಿಂಗವನ್ನು ನಿರ್ಧರಿಸುವ ಅಂಶ ತಂದೆಯಿಂದ ಬರುತ್ತದೆ. ಮಿಡತೆಯಲ್ಲಿಯೂ ಹಾಗೆಯೇ. ಈ ವ್ಯತ್ಯಾಸದ ಮೂಲವನ್ನು ಜೀವಕೋಶದೊಳಗಿನ ಸೂಕ್ಷ್ಮ ಎಳೆಗಳಲ್ಲಿ, ಅಂದರೆ ವರ್ಣತಂತುಗಳಲ್ಲಿ, ಹುಡುಕಿದ ವಿಜ್ಞಾನಿಗಳ ಸಾಲಿನಲ್ಲಿ ನಮ್ಮ ಸೀಮೆಗೆ ಚಿರಪರಿಚಿತವಾದ ಒಂದು ಹೆಸರಿದೆ. ಅದು ಮೈಸೂರು ಸಂಸ್ಥಾನದ ಮೊದಲ ಕೃಷಿ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್ ಅವರದು. ಮಂಡ್ಯದ ಕಬ್ಬು, ಹೆಬ್ಬಾಳದ ಕೃಷಿ ಶಾಲೆ, ಮಲೆನಾಡಿನ ಅಡಿಕೆಯ ಕೊಳೆರೋಗದ ನಿವಾರಣೆ ಇವುಗಳಿಂದ ಅವರನ್ನು ಬಲ್ಲವರು ಅನೇಕರು. ನಿವೃತ್ತರಾದ ಮೇಲೆ ಅವರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಮಿಡತೆಯ ಲಿಂಗ ವರ್ಣತಂತುವನ್ನು ಅಭ್ಯಸಿಸಿದರೆಂಬುದನ್ನು ಬಲ್ಲವರು ವಿರಳ. ಅವರ ಬದುಕಿನ ಈ ಎರಡು ಭಾಗಗಳನ್ನೂ ಒಟ್ಟಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್ ಅವರು 1878ರ ಜೂನ್ 16ರಂದು ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ನಿಸರ್ಗ ವಿಜ್ಞಾನವನ್ನು ವ್ಯಾಸಂಗ ಮಾಡಿ 1904ರಲ್ಲಿ ಪದವಿ ಪಡೆದರು. ಉನ್ನತ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿ ಗಟ್ಟಿಂಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು. ಅವರ ಅಲ್ಲಿನ ಸಂಶೋಧನೆಯ ವಿಷಯ ಮಣ್ಣಿನ ಸೂಕ್ಷ್ಮಜೀವಿಗಳು ಸಾರಜನಕವನ್ನು ಗಿಡಗಳಿಗೆ ದಕ್ಕುವ ರೂಪಕ್ಕೆ ಪರಿವರ್ತಿಸುವ ಕ್ರಿಯೆ. ಹೀಗೆ ಮೊದಲಿನಿಂದಲೂ ಅವರ ಅಭ್ಯಾಸವು ಕಣ್ಣಿಗೆ ಕಾಣದ ಜೀವಿಗಳಿಂದ ಹೊಲದ ಬೆಳೆಯವರೆಗೆ ಹರಡಿಕೊಂಡಿತ್ತು.

ಅವರು ವಿದ್ಯಾರ್ಥಿಯಾಗಿದ್ದ ಕಾಲವು ಜೀವವಿಜ್ಞಾನದಲ್ಲಿ ಒಂದು ಹೊಸ ಯುಗದ ಆರಂಭವಾಗಿತ್ತು. ಬಟಾಣಿ ಗಿಡಗಳ ಮೇಲೆ ಮೆಂಡೆಲ್ ನಡೆಸಿದ್ದ ಪ್ರಯೋಗಗಳು ಮೂರು ದಶಕಗಳಿಗೂ ಹೆಚ್ಚು ಕಾಲ ಮರೆಯಾಗಿದ್ದು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಅದರ ಬೆನ್ನಲ್ಲೇ ಅಮೆರಿಕದ ವಿಜ್ಞಾನಿ ಮ್ಯಾಕ್‌ಕ್ಲಂಗ್ ಅವರು ಮಿಡತೆಗಳ ಜೀವಕೋಶಗಳನ್ನು ಪರೀಕ್ಷಿಸಿ, ಜೊತೆಯಿಲ್ಲದೆ ಒಂಟಿಯಾಗಿ ಉಳಿಯುವ ಒಂದು ವರ್ಣತಂತುವಿಗೂ ಲಿಂಗಕ್ಕೂ ಸಂಬಂಧವಿರಬೇಕೆಂದು ಸೂಚಿಸಿದರು. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಮತ್ತು ಎಡ್ಮಂಡ್ ವಿಲ್ಸನ್ ಅವರು ಬೇರೆ ಬೇರೆ ಕೀಟಗಳಲ್ಲಿ ಈ ಸಂಬಂಧವನ್ನು ದೃಢಪಡಿಸಿದರು. ಲಿಂಗ ನಿರ್ಧಾರದ ರಹಸ್ಯವು ಮೊದಲು ತೆರೆದುಕೊಂಡದ್ದು ಕೀಟಗಳಲ್ಲಿ ಎಂಬುದನ್ನು ಗಮನಿಸಬೇಕು.

ಮೈಸೂರಿಗೆ ಆಗಮನ

1908ರಲ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಸಸ್ಯರೋಗ ಮತ್ತು ಕೀಟ ಇವೆರಡೂ ಅವರ ಹೊಣೆಯಾಗಿದ್ದವು. ಅವರಿಗಿಂತ ಮೊದಲೇ ಕೆನಡಾದವರೇ ಆದ ರಸಾಯನ ತಜ್ಞ ಅಡಾಲ್ಫ್ ಲೆಹ್ಮನ್ ಅವರು ಇಲ್ಲಿ ಮಣ್ಣು ಪರೀಕ್ಷೆಯ ಕಾರ್ಯಕ್ಕೆ ಅಡಿಪಾಯ ಹಾಕಿದ್ದರು. ಆದರೆ ಬೆಳೆಗೆ ತಗಲುವ ರೋಗ ಮತ್ತು ಕೀಟಗಳ ವಿಚಾರದಲ್ಲಿ ಸಂಸ್ಥಾನದ ರೈತನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ.

ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗವು ಕಾಡುತ್ತಿತ್ತು. ಮುಂಗಾರಿನ ಎಡೆಬಿಡದ ಮಳೆಯಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದವು. ಕೋಲ್ಮನ್ ಅವರು ತೋಟಗಳಲ್ಲಿ ಅಲೆದು, ಕೊಳೆತ ಕಾಯಿಗಳನ್ನು ಪರೀಕ್ಷಿಸಿ, ಈ ರೋಗಕ್ಕೆ ಫೈಟಾಫ್ತೊರಾ ಜಾತಿಯ ಶಿಲೀಂಧ್ರವೇ ಕಾರಣವೆಂದು ಪತ್ತೆ ಹಚ್ಚಿ 1910ರಲ್ಲಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುನ್ನವೇ ಗೊನೆಗಳಿಗೆ ಸಿಂಪಡಿಸಬೇಕೆಂಬ ಪರಿಹಾರವನ್ನೂ ಸೂಚಿಸಿದರು. ನೂರು ವರ್ಷಗಳು ಕಳೆದ ಮೇಲೆಯೂ ಅಡಿಕೆ ಬೆಳೆಗಾರರು ಮುಂಗಾರಿಗೆ ಮುನ್ನ ಇದೇ ದ್ರಾವಣವನ್ನು ಸಿದ್ಧಪಡಿಸುತ್ತಾರೆ.

ಜೋಳದ ಮಿಡತೆ

ಮಲೆನಾಡಿನಲ್ಲಿ ಶಿಲೀಂಧ್ರವು ಕಾಡಿದರೆ, ಬಯಲುಸೀಮೆಯಲ್ಲಿ ಕಾಡಿದ್ದು ಮಿಡತೆ. ಜೋಳದ ಹೊಲಗಳಿಗೆ ಮುತ್ತುತ್ತಿದ್ದ ಈ ಮಿಡತೆಗೆ ಹಾರಲು ರೆಕ್ಕೆಗಳಿಲ್ಲ. ಆದರೂ ಅದು ಹಿಂಡುಹಿಂಡಾಗಿ ಪೈರನ್ನು ತಿಂದು ಹಾಕುತ್ತಿತ್ತು. ಕೋಲ್ಮನ್ ಅವರು ಸಂಗ್ರಹಿಸಿದ ಮಾದರಿಗಳನ್ನು ಪರೀಕ್ಷಿಸಿದ ಸ್ಪೇನ್ ದೇಶದ ಕೀಟತಜ್ಞ ಬೊಲಿವಾರ್ ಅವರು 1910ರಲ್ಲಿ ಅದನ್ನು ಹೊಸ ಜಾತಿಯೆಂದು ಗುರುತಿಸಿ ಕೋಲ್ಮಾನಿಯಾ ಸ್ಫೆನಾರಿಯಾಯ್ಡಿಸ್ ಎಂದು ಹೆಸರಿಟ್ಟರು. ಹೀಗೆ ಕೋಲ್ಮನ್ ಅವರ ಹೆಸರು ದಖ್ಖನಿನ ಒಂದು ಕೀಟದೊಂದಿಗೆ ಶಾಶ್ವತವಾಗಿ ಸೇರಿಕೊಂಡಿತು.

1911ರಲ್ಲಿ ಜೋಳದ ಮಿಡತೆಯನ್ನು ಕುರಿತು ಅವರ ಪುಸ್ತಿಕೆ ಪ್ರಕಟವಾಯಿತು. ಅದೇ ವರ್ಷ ಸಹೋದ್ಯೋಗಿ ಕೆ. ಕುಂಞಿಕಣ್ಣನ್ ಅವರೊಂದಿಗೆ ಭತ್ತದ ಮಿಡತೆಯನ್ನು ಕುರಿತ ಪುಸ್ತಿಕೆಯೂ ಹೊರಬಂದಿತು. ಇವುಗಳಲ್ಲಿ ಅನುಸರಿಸಿದ ಕ್ರಮವು ಇಂದಿನ ವಿಸ್ತರಣಾ ಕಾರ್ಯಕರ್ತರಿಗೂ ಅನುಕರಣೀಯ. ಮೊದಲು ಕೀಟದ ಇಡೀ ಜೀವನಚಕ್ರವನ್ನು ಅರಿಯಬೇಕು. ಅದು ಎಲ್ಲಿ ಮೊಟ್ಟೆ ಇಡುತ್ತದೆ, ಯಾವಾಗ ಮರಿ ಹೊರಬರುತ್ತದೆ, ಎಷ್ಟು ಸಲ ಪೊರೆ ಬಿಡುತ್ತದೆ ಎಂಬುದನ್ನು ಹೊಲದಲ್ಲಿಯೇ ಕಂಡುಕೊಳ್ಳಬೇಕು. ಆಮೇಲೆ ಆ ಚಕ್ರದಲ್ಲಿ ಕೀಟವು ದುರ್ಬಲವಾಗಿರುವ ಘಟ್ಟವನ್ನು ಹುಡುಕಬೇಕು. ಹೆಣ್ಣು ಮಿಡತೆಯು ಮಣ್ಣಿನೊಳಗೆ ಗುಂಪುಗುಂಪಾಗಿ ಮೊಟ್ಟೆ ಇಡುತ್ತದೆ. ಕೊಯ್ಲಾದ ಮೇಲೆ ಹೊಲವನ್ನು ಉತ್ತರೆ ಆ ಮೊಟ್ಟೆಯ ಗೊಂಚಲುಗಳು ಮೇಲಕ್ಕೆ ಬಂದು ಬಿಸಿಲಿಗೆ ಒಣಗುತ್ತವೆ, ಹಕ್ಕಿಗಳಿಗೆ ಆಹಾರವಾಗುತ್ತವೆ. ಮಾಗಿ ಉಳುಮೆಯಿಂದ ಕೀಟ ಕಡಿಮೆಯಾಗುತ್ತದೆ ಎಂದು ಇಂದು ನಾವು ನೀಡುವ ಸಲಹೆಯ ಹಿಂದಿರುವ ತರ್ಕ ಇದೇ. ಬೆಳೆಗೆ ಬೀಳುವ ಪೆಟ್ಟನ್ನು ಅಳೆಯುವ ಮುನ್ನ ಹೆಣ್ಣು ಕೀಟದ ನಡೆಯನ್ನು ಅರಿಯಬೇಕೆಂಬುದು ಅವರ ಕೆಲಸದಿಂದ ದೊರೆಯುವ ಪಾಠ.

ನಿರ್ದೇಶಕ ಪದವಿ

1913ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಕೋಲ್ಮನ್ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆಯು ಆರಂಭವಾಯಿತು. ರಾಜಮಾತೆ ಕೆಂಪನಂಜಮ್ಮಣ್ಣಿಯವರು ಹಿಂದೆ ದಾನವಾಗಿ ನೀಡಿದ್ದ ಭೂಮಿಯಲ್ಲಿ ಬೆಳೆದ ಆ ಪ್ರಯೋಗಕ್ಷೇತ್ರವೇ ಮುಂದೆ ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ತಾಯಿಬೇರಾಯಿತು. ರಾಗಿಯಲ್ಲಿ ಉತ್ತಮ ತೆನೆಗಳನ್ನು ಆಯ್ದು ತಳಿಯನ್ನು ಶುದ್ಧಗೊಳಿಸುವ ಕೆಲಸವೂ ಅವರ ಮೇಲ್ವಿಚಾರಣೆಯಲ್ಲಿ 1913ರಲ್ಲಿಯೇ ಮೊದಲಾಯಿತು. ಬಡವರ ಆಹಾರವಾದ ರಾಗಿಗೆ ವಿಜ್ಞಾನದ ಗಮನ ದೊರೆತದ್ದು ಅಂದಿಗೆ ಹೊಸ ಸಂಗತಿಯಾಗಿತ್ತು.

ಗಂಧದ ಮರಗಳನ್ನು ಒಣಗಿಸುತ್ತಿದ್ದ ಸ್ಪೈಕ್ ರೋಗವು ಕಸಿಯ ಮೂಲಕ ಒಂದು ಗಿಡದಿಂದ ಮತ್ತೊಂದಕ್ಕೆ ಹರಡುತ್ತದೆಂಬುದನ್ನು ಕೋಲ್ಮನ್ ಅವರು 1917ರಲ್ಲಿ ಪ್ರಕಟಿಸಿದರು. ಕಾಫಿ ಬೆಳೆಗಾರರ ಅಗತ್ಯಕ್ಕಾಗಿ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪನೆಯಾಗಲು ಅವರೇ ಪ್ರೇರಕರು. ಶಿಲೀಂಧ್ರ, ಕೀಟ, ತಳಿ, ಗೊಬ್ಬರ ಯಾವುದನ್ನು ಕೈಗೆತ್ತಿಕೊಂಡರೂ ಸಂಶೋಧನೆಯ ಫಲವು ರೈತನ ಹೊಲದವರೆಗೆ ತಲುಪಿದೆಯೇ ಎಂಬುದೇ ಅವರ ಅಳತೆಗೋಲಾಗಿತ್ತು.

ಅದೇ ಕಾಲದ ರೇಷ್ಮೆ

ಕೋಲ್ಮನ್ ಅವರು ಸೇವೆಯಲ್ಲಿದ್ದ ದಶಕಗಳಲ್ಲಿಯೇ ಮೈಸೂರಿನ ರೇಷ್ಮೆಯೂ ಹೊಸ ದಾರಿ ಹಿಡಿಯಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಬಂಗಾಳದಿಂದ ಹುಳುಗಳನ್ನು ಶ್ರೀರಂಗಪಟ್ಟಣಕ್ಕೆ ತರಿಸಿ ಬೇರೂರಿಸಿದ ಈ ಉದ್ಯಮಕ್ಕೆ 1910ರ ದಶಕದಲ್ಲಿ ಸರ್ಕಾರಿ ರೇಷ್ಮೆ ಕ್ಷೇತ್ರಗಳ ಬೆಂಬಲ ದೊರೆಯಿತು. ಚನ್ನಪಟ್ಟಣದ ಕ್ಷೇತ್ರವು ಅವುಗಳಲ್ಲಿ ಮೊದಲಿನದು. ಜಪಾನಿನಲ್ಲಿ ಕಮೆತಾರೊ ತೊಯಾಮ ಎಂಬ ವಿಜ್ಞಾನಿಯು 1906ರಲ್ಲಿ ಮೆಂಡೆಲ್ಲನ ನಿಯಮಗಳು ರೇಷ್ಮೆ ಹುಳುವಿಗೂ ಅನ್ವಯಿಸುತ್ತವೆಂದು ತೋರಿಸಿ, ಎರಡು ತಳಿಗಳ ಮೊದಲ ಪೀಳಿಗೆಯ ಮಿಶ್ರತಳಿಯನ್ನೇ ರೈತರು ಸಾಕುವುದು ಲಾಭಕರವೆಂದು ಸಾರಿದ್ದರು. ಆ ಅರಿವು ಮೈಸೂರಿಗೂ ಬಂದು, 1920ರ ದಶಕದಲ್ಲಿ ಮೈಸೂರು ತಳಿಯನ್ನು ವಿದೇಶಿ ತಳಿಗಳೊಂದಿಗೆ ಕೂಡಿಸಿದ ಮಿಶ್ರತಳಿ ಮೊಟ್ಟೆಗಳು ಬಳಕೆಗೆ ಬಂದವು.

ಮಿಶ್ರತಳಿ ಮೊಟ್ಟೆ ಬೇಕೆಂದರೆ ಒಂದು ತಳಿಯ ಹೆಣ್ಣನ್ನು ಇನ್ನೊಂದು ತಳಿಯ ಗಂಡಿನೊಂದಿಗೆ ಮಾತ್ರ ಕೂಡಿಸಬೇಕು. ತನ್ನ ತಳಿಯ ಗಂಡು ಮೊದಲೇ ಕೂಡಿಬಿಟ್ಟರೆ ಮಿಶ್ರತಳಿ ಕೆಟ್ಟಂತೆಯೇ. ಆದುದರಿಂದ ಪತಂಗ ಹೊರಬರುವ ಮುನ್ನವೇ ಕೋಶಗಳಲ್ಲಿ ಹೆಣ್ಣು ಗಂಡುಗಳನ್ನು ಬೇರ್ಪಡಿಸಬೇಕಾಗುತ್ತದೆ. ಹೆಣ್ಣು ಕೋಶದ ಹೊಟ್ಟೆಯ ಎಂಟನೆಯ ಖಂಡದಲ್ಲಿ ಕತ್ತರಿ ಗುರುತಿನಂತಹ ಗೆರೆಯಿರುತ್ತದೆ. ಗಂಡಿನಲ್ಲಿ ಒಂಬತ್ತನೆಯ ಖಂಡದಲ್ಲಿ ಒಂದು ಚುಕ್ಕೆ. ಬಿತ್ತನೆ ಕೋಠಿಗಳಲ್ಲಿ ಹೆಣ್ಣುಮಕ್ಕಳು ದಿನವಿಡೀ ಕುಳಿತು, ಗೂಡನ್ನು ಕತ್ತರಿಸಿ, ಈ ಗುರುತನ್ನು ಒಂದೊಂದಾಗಿ ನೋಡಿ ವಿಂಗಡಿಸುತ್ತಾರೆ. ರೈತನ ಮನೆಗೆ ಬರುವ ಪ್ರತಿಯೊಂದು ಮೊಟ್ಟೆ ಚೀಟಿಯ ಹಿಂದೆ ಈ ಕಣ್ಣಿನ ದುಡಿಮೆ ಇದೆ.

ಮಂಡ್ಯದ ಕೆಲಸ

ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ ಮೂಲಕ ಮಂಡ್ಯದ ಬಯಲಿಗೆ ಹರಿಯುವ ಕಾಲ ಸಮೀಪಿಸಿದಾಗ, ಮಳೆಯನ್ನೇ ನಂಬಿದ್ದ ರೈತರಿಗೆ ನೀರಾವರಿ ಬೇಸಾಯವನ್ನು ಕಲಿಸುವ ಹೊಣೆ ಕೃಷಿ ಇಲಾಖೆಯ ಮೇಲೆ ಬಿದ್ದಿತು. 1931ರಲ್ಲಿ ಮಂಡ್ಯದ ಬಳಿ ಇರ್ವಿನ್ ನಾಲೆ ಕೃಷಿ ಕ್ಷೇತ್ರವು ಆರಂಭವಾಯಿತು. ನಾಲೆಯು ವಿಶ್ವೇಶ್ವರಯ್ಯ ನಾಲೆಯಾದ ಮೇಲೆ ಈ ಕ್ಷೇತ್ರವೂ ವಿ.ಸಿ. ಫಾರ್ಮ್ ಎಂದು ಹೆಸರಾಯಿತು. ಯಾವ ಮಣ್ಣಿಗೆ ಎಷ್ಟು ನೀರು, ಕಬ್ಬಿನ ಯಾವ ತಳಿ, ಭತ್ತದೊಂದಿಗೆ ಯಾವ ಬೆಳೆಯ ಸರದಿ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಹುಡುಕಲಾಯಿತು.

ಬೆಳೆದ ಕಬ್ಬಿಗೆ ಮಾರುಕಟ್ಟೆ ಇಲ್ಲದಿದ್ದರೆ ನೀರಾವರಿಯು ರೈತನಿಗೆ ಸಾಲವನ್ನಷ್ಟೇ ತರುತ್ತದೆಂಬುದನ್ನು ಮನಗಂಡಿದ್ದ ಕೋಲ್ಮನ್ ಅವರು ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯ ಸ್ಥಾಪನೆಗೆ ದುಡಿದರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಇಂದು ಪಾಂಡವಪುರ, ಮಾಕವಳ್ಳಿ ಮೊದಲಾದೆಡೆ ಇರುವ ಕಾರ್ಖಾನೆಗಳು ಬಹಳ ಕಾಲದ ಅನಂತರ ಬಂದವು. ಆದರೆ ಕಬ್ಬಿನ ಬೆಳೆಗಾರನೂ ಕಾರ್ಖಾನೆಯೂ ಒಬ್ಬರನ್ನೊಬ್ಬರು ಅವಲಂಬಿಸಿ ಬಾಳುವ ಪದ್ಧತಿಯು ಈ ಸೀಮೆಯಲ್ಲಿ ಬೇರು ಬಿಟ್ಟದ್ದು ಆಗಲೇ. 1934ರಲ್ಲಿ ಕೋಲ್ಮನ್ ಅವರು ಸೇವೆಯಿಂದ ನಿವೃತ್ತರಾದರು.

ಸೂಕ್ಷ್ಮದರ್ಶಕದ ಮುಂದೆ

ಕಾಲು ಶತಮಾನ ಆಡಳಿತದ ಹೊರೆ ಹೊತ್ತವರು ನಿವೃತ್ತಿಯ ಮೇಲೆ ವಿಶ್ರಾಂತಿ ಬಯಸುವುದು ಸಹಜ. ಕೋಲ್ಮನ್ ಅವರು ಹಾಗೆ ಮಾಡದೆ, ಟೊರಾಂಟೋ ವಿಶ್ವವಿದ್ಯಾನಿಲಯಕ್ಕೆ ಮರಳಿ ಜೀವಕೋಶ ವಿಜ್ಞಾನದ ಸಂಶೋಧನೆಯಲ್ಲಿ ತೊಡಗಿದರು. ವರ್ಣತಂತುಗಳು ಬಣ್ಣ ಹಾಕದಿದ್ದರೆ ಕಾಣುವುದಿಲ್ಲ. ಅವುಗಳಿಗೆ ನಸುಗೆಂಪು ಬಣ್ಣ ಹಿಡಿಸುವ ಫ್ಯೂಲ್ಗನ್ ವಿಧಾನಕ್ಕೆ ಬೇಕಾದ ದ್ರಾವಣವನ್ನು ತಯಾರಿಸುವ ಒಂದು ಕ್ರಮವನ್ನು ಅವರು 1938ರಲ್ಲಿ ಪ್ರಕಟಿಸಿದರು. ಚಿಕ್ಕ ಬರಹವಾದರೂ ಪ್ರಯೋಗಶಾಲೆಗಳಲ್ಲಿ ಅದು ದೀರ್ಘಕಾಲ ಬಳಕೆಯಲ್ಲಿ ಉಳಿಯಿತು. ಬೋರ್ಡೋ ದ್ರಾವಣದ ಪಾಕವನ್ನು ರೈತರಿಗೆ ಹೇಳಿಕೊಟ್ಟವರೇ ಈಗ ವಿಜ್ಞಾನಿಗಳಿಗೆ ಬಣ್ಣದ ಪಾಕವನ್ನು ಹೇಳಿಕೊಟ್ಟರು.

1943ರಲ್ಲಿ, ಅರವತ್ತೈದರ ಅಂಚಿನಲ್ಲಿದ್ದ ಅವರು, ಮಿಡತೆಗಳ ವರ್ಣತಂತುಗಳ ರಚನೆಯನ್ನೂ ವಿಶೇಷವಾಗಿ ಅವುಗಳ ಎಕ್ಸ್ ವರ್ಣತಂತುವನ್ನೂ ಕುರಿತ ಲೇಖನವನ್ನು ತಳಿವಿಜ್ಞಾನದ ಪ್ರಮುಖ ಅಮೆರಿಕನ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆರಿಸಿಕೊಂಡದ್ದು ಅಕ್ರಿಡಿಡೇ ಕುಟುಂಬವನ್ನು. ಮೂವತ್ತೆರಡು ವರ್ಷಗಳ ಹಿಂದೆ ಮೈಸೂರಿನ ಗದ್ದೆಗಳಲ್ಲಿ ಅವರು ಬೆನ್ನಟ್ಟಿದ್ದ ಭತ್ತದ ಮಿಡತೆಯೂ ಇದೇ ಕುಟುಂಬಕ್ಕೆ ಸೇರಿದುದು.

ಈ ಕುಟುಂಬದ ಬಹುತೇಕ ಮಿಡತೆಗಳಲ್ಲಿ ಹೆಣ್ಣಿಗೆ 24 ವರ್ಣತಂತುಗಳು, ಗಂಡಿಗೆ 23. ಹೆಣ್ಣಿನಲ್ಲಿ ಎಕ್ಸ್ ವರ್ಣತಂತು ಎರಡಿದ್ದರೆ ಗಂಡಿನಲ್ಲಿ ಒಂದೇ. ಅದಕ್ಕೆ ಜೊತೆಯೇ ಇಲ್ಲ. ಗಂಡಿನ ವೀರ್ಯಾಣುಗಳಲ್ಲಿ ಅರ್ಧಕ್ಕೆ ಎಕ್ಸ್ ದೊರೆಯುತ್ತದೆ, ಉಳಿದರ್ಧಕ್ಕೆ ದೊರೆಯುವುದಿಲ್ಲ. ಎಕ್ಸ್ ಹೊತ್ತ ವೀರ್ಯಾಣುವಿನಿಂದ ಹೆಣ್ಣು, ಹೊರದ ವೀರ್ಯಾಣುವಿನಿಂದ ಗಂಡು. ವೀರ್ಯಾಣುಗಳು ರೂಪುಗೊಳ್ಳುವ ಕಾಲದಲ್ಲಿ ಉಳಿದ ವರ್ಣತಂತುಗಳು ಸಡಿಲವಾಗಿ ಹರಡಿಕೊಂಡಿರುವಾಗ ಈ ಒಂಟಿ ಎಕ್ಸ್ ಮುದುಡಿ ಗಾಢವಾಗಿ ಕಾಣುತ್ತದೆ. ಜೊತೆಯನ್ನು ಕಳೆದುಕೊಂಡ ವರ್ಣತಂತುವಿನ ನಡೆ ಉಳಿದವುಗಳಂತಿಲ್ಲ ಎಂಬುದೇ ವಿಜ್ಞಾನಿಗಳ ಕುತೂಹಲವನ್ನು ಕೆರಳಿಸಿದ್ದ ಸಂಗತಿ.

ಪತಂಗಗಳ ವಿಲೋಮ ನಿಯಮ

ಚಿಟ್ಟೆ ಮತ್ತು ಪತಂಗಗಳಲ್ಲಿ ಈ ನಿಯಮ ತಲೆಕೆಳಗಾಗಿದೆ. ಇಂಗ್ಲೆಂಡಿನ ಲೆನರ್ಡ್ ಡಾಂಕಾಸ್ಟರ್ ಮತ್ತು ಪಾದ್ರಿ ರೇನರ್ ಅವರು ಒಂದು ಪತಂಗದ ಬಣ್ಣದ ಆನುವಂಶಿಕತೆಯನ್ನು ಪರೀಕ್ಷಿಸಿ 1906ರಲ್ಲಿ ಪ್ರಕಟಿಸಿದ ಫಲಿತಾಂಶಗಳಿಂದ, ಅಲ್ಲಿ ಎರಡು ಬಗೆಯ ಲಿಂಗಕೋಶಗಳನ್ನು ಕೊಡುವುದು ತಂದೆಯಲ್ಲ, ತಾಯಿ ಎಂಬುದು ತಿಳಿದುಬಂದಿತು. ರೇಷ್ಮೆ ಹುಳುವಿನಲ್ಲಿಯೂ ಹಾಗೆಯೇ ಎಂಬುದನ್ನು ಜಪಾನಿನ ಯೋಶಿಮಾರೊ ತನಾಕ ಅವರು ಮುಂದಿನ ದಶಕದಲ್ಲಿ ತೋರಿಸಿದರು. ಈ ವ್ಯತ್ಯಾಸವನ್ನು ಸೂಚಿಸಲು ಪತಂಗಗಳ ಲಿಂಗ ವರ್ಣತಂತುಗಳನ್ನು ಝಡ್ ಮತ್ತು ಡಬ್ಲ್ಯು ಎಂದು ಕರೆಯುತ್ತಾರೆ. ರೇಷ್ಮೆ ಹುಳುವಿನ 28 ಜೊತೆ ವರ್ಣತಂತುಗಳಲ್ಲಿ ಒಂದು ಜೊತೆ ಇವು. ಗಂಡಿನಲ್ಲಿ ಎರಡು ಝಡ್; ಹೆಣ್ಣಿನಲ್ಲಿ ಒಂದು ಝಡ್, ಒಂದು ಡಬ್ಲ್ಯು. ಡಬ್ಲ್ಯು ದೊರೆತ ಮೊಟ್ಟೆ ಹೆಣ್ಣಾಗುತ್ತದೆ. 1933ರಲ್ಲಿ ಜಪಾನಿನ ಹಾಶಿಮೋಟೊ ಅವರು, ಝಡ್ ಎಷ್ಟಿದ್ದರೂ ಡಬ್ಲ್ಯು ಒಂದಿದ್ದರೆ ಹುಳು ಹೆಣ್ಣೇ ಎಂಬುದನ್ನು ಸ್ಪಷ್ಟಪಡಿಸಿದರು.

ಕೋಲ್ಮನ್ ಅವರು ಟೊರಾಂಟೋದಲ್ಲಿ ಮಿಡತೆಯ ಎಕ್ಸ್ ವರ್ಣತಂತುವನ್ನು ನೋಡುತ್ತಿದ್ದ ವರ್ಷಗಳಲ್ಲಿಯೇ ಜಪಾನಿನಲ್ಲಿ ತಾಜಿಮಾ ಅವರು ಕ್ಷಕಿರಣಗಳನ್ನು ಬಳಸಿ, ಹುಳುವಿನ ಮೈಮೇಲಿನ ಗುರುತಿಗೆ ಕಾರಣವಾದ ವರ್ಣತಂತುವಿನ ತುಂಡೊಂದನ್ನು ಡಬ್ಲ್ಯುವಿಗೆ ಅಂಟುವಂತೆ ಮಾಡಿದರು. ಅಂತಹ ತಳಿಯಲ್ಲಿ ಹೆಣ್ಣು ಹುಳುವಿಗೆ ಮಾತ್ರ ಗುರುತು ಇರುತ್ತದೆ, ಗಂಡಿನ ಮೈ ಬಿಳಿ. ಗೂಡು ಕತ್ತರಿಸದೆಯೇ ಹುಳುವಿನ ಹಂತದಲ್ಲಿ ವಿಂಗಡಣೆ ಸಾಧ್ಯವಾಯಿತು. ಇದೇ ತತ್ತ್ವದ ಮೇಲೆ ಹೆಣ್ಣಿನ ಗೂಡು ಹಳದಿ, ಗಂಡಿನ ಗೂಡು ಬಿಳಿಯಾಗಿರುವ ತಳಿಗಳೂ ಬಂದವು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯೂ ಲಿಂಗಸೀಮಿತ ಗುಣಗಳ ತಳಿಗಳನ್ನು ಅಭಿವೃದ್ಧಿಪಡಿಸಿದೆ.

ಲಿಂಗ ವರ್ಣತಂತುಗಳ ವಿಕಾಸ

ಈ ವರ್ಣತಂತುಗಳು ಬಂದದ್ದು ಹೇಗೆ? ಸಾಮಾನ್ಯ ವರ್ಣತಂತುಗಳ ಒಂದು ಜೊತೆಯಲ್ಲಿ ಲಿಂಗ ನಿರ್ಧರಿಸುವ ವಂಶವಾಹಿಯು ನೆಲೆಗೊಂಡಾಗ ಕ್ರಮೇಣ ಆ ಜೊತೆಯ ನಡುವೆ ತುಣುಕುಗಳ ವಿನಿಮಯ ನಿಲ್ಲುತ್ತದೆ. ವಿನಿಮಯವಿಲ್ಲದ ವರ್ಣತಂತುವಿನಲ್ಲಿ ದೋಷಗಳು ಸೇರಿಕೊಂಡು ಅದು ಸವೆಯುತ್ತದೆ. ಮಿಡತೆಯಲ್ಲಿ ಎಕ್ಸ್ ವರ್ಣತಂತುವಿನ ಜೊತೆಗಾರನು ಕಾಣೆಯಾದುದು ಇಂತಹ ಸವೆತದ ಕೊನೆಯ ಘಟ್ಟವೆಂದು ತಿಳಿಯಲಾಗಿದೆ.

ಪತಂಗಗಳ ಕಥೆ ಬೇರೆ. ಅವುಗಳ ಹತ್ತಿರದ ಬಂಧುಗಳಾದ, ಮರಿಗಳು ನೀರಿನಲ್ಲಿ ಬೆಳೆಯುವ ಕ್ಯಾಡಿಸ್ ಕೀಟಗಳಲ್ಲಿ ಹೆಣ್ಣಿಗೆ ಒಂದೇ ಝಡ್, ಡಬ್ಲ್ಯು ಇಲ್ಲ. ತೀರ ಪ್ರಾಚೀನ ಕವಲಿನ ಪತಂಗಗಳಲ್ಲಿಯೂ ಹಾಗೆಯೇ. ಆದುದರಿಂದ ಮೂಲದಲ್ಲಿ ಡಬ್ಲ್ಯು ಇರಲೇ ಇಲ್ಲ, ಅದು ಪತಂಗಗಳ ವಂಶದಲ್ಲಿ ಅನಂತರ ಸೇರಿಕೊಂಡಿತು ಎಂಬುದು ಇಂದಿನ ತಿಳಿವಳಿಕೆ. ಝಡ್ ಮಾತ್ರ ಹತ್ತು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ತನ್ನ ವಂಶವಾಹಿಗಳನ್ನು ಬಹುಮಟ್ಟಿಗೆ ಕಾಪಾಡಿಕೊಂಡು ಬಂದಿದೆ. ಪತಂಗಗಳ ಹೆಣ್ಣಿನಲ್ಲಿ ಯಾವ ವರ್ಣತಂತುವಿನ ಜೊತೆಗಳ ನಡುವೆಯೂ ತುಣುಕು ವಿನಿಮಯ ನಡೆಯುವುದಿಲ್ಲ. ಹೆಣ್ಣಿನಲ್ಲಿ ಮಾತ್ರ ಇರುವ ಡಬ್ಲ್ಯುವಿಗೆ ಅಂತಹ ಅವಕಾಶವೇ ಇಲ್ಲದುದರಿಂದ ಅದು ಪುನರಾವರ್ತಿತ ತುಣುಕುಗಳಿಂದ ತುಂಬಿಕೊಂಡಿದೆ. ಆದರೂ ಅದರಲ್ಲಿ ಹೆಣ್ತನದ ಸೂಚನೆ ಉಳಿದಿದೆ. ರೇಷ್ಮೆ ಹುಳುವಿನ ಡಬ್ಲ್ಯುವಿನಿಂದ ಹೊರಡುವ ಅತಿ ಚಿಕ್ಕ ಆರ್‌ಎನ್‌ಎ ಅಣುವೊಂದು, ಝಡ್‌ನಲ್ಲಿರುವ ಗಂಡುತನದ ವಂಶವಾಹಿಯನ್ನು ಅಡಗಿಸಿ ಹುಳುವನ್ನು ಹೆಣ್ಣಾಗಿಸುತ್ತದೆಂದು 2014ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು.

ಈ ವಿಕಾಸ ಇಂದಿಗೂ ನಿಂತಿಲ್ಲ. ನಮ್ಮ ಹೊಲದ ಬದುಗಳಲ್ಲಿ ಎಕ್ಕದ ಗಿಡದ ಮೇಲೆ ಮೊಟ್ಟೆಯಿಡುವ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಎಲ್ಲರೂ ಕಂಡಿದ್ದೇವೆ. ಪೂರ್ವ ಆಫ್ರಿಕಾದ ನೈರೋಬಿ ಸುತ್ತಮುತ್ತ ಅದೇ ಜಾತಿಯ ಚಿಟ್ಟೆಯಲ್ಲಿ ಡಬ್ಲ್ಯುವಿಗೆ ಮತ್ತೊಂದು ವರ್ಣತಂತು ಕೂಡಿಕೊಂಡಿದೆ; ಜೊತೆಗೆ ಒಂದು ಬ್ಯಾಕ್ಟೀರಿಯಾ ಗಂಡು ಮೊಟ್ಟೆಗಳನ್ನು ಕೊಲ್ಲುವುದರಿಂದ ಅಂತಹ ತಾಯಿಗೆ ಹೆಣ್ಣು ಸಂತಾನ ಮಾತ್ರ. ಸೇಬಿನ ಕಾಯಿಕೊರಕ ಪತಂಗದಲ್ಲಿ ಝಡ್ ಇನ್ನೊಂದು ವರ್ಣತಂತುವಿನೊಂದಿಗೆ ಕೂಡಿದೆ. ಕೀಟನಾಶಕಗಳನ್ನು ತಡೆದುಕೊಳ್ಳಲು ನೆರವಾಗುವ ವಂಶವಾಹಿಗಳು ಆ ಕೂಡಿದ ಭಾಗದಲ್ಲಿವೆ. ಹೆಣ್ಣಿನಲ್ಲಿ ಝಡ್ ಒಂದೇ ಇರುವುದರಿಂದ ಅಲ್ಲಿ ಮೂಡಿದ ನಿರೋಧಕ ಗುಣವು ಮರೆಯಾಗಿ ಉಳಿಯದೆ ಒಡನೆಯೇ ಪ್ರಕಟವಾಗುತ್ತದೆ, ಸಿಂಪಡಣೆಯಿಂದ ಬದುಕುಳಿದು ಬೇಗ ಹರಡುತ್ತದೆ. ಒಂದೇ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಬಾರದೆಂಬ ಸಲಹೆಗೆ ಇದೂ ಒಂದು ಸಮರ್ಥನೆ.

ರೈತರು ಅರಿಯಬೇಕಾದುದು

ಈ ಜ್ಞಾನದಿಂದ ಸಾಕಣೆದಾರರಿಗೆ ದೊರೆಯುವ ತಿಳಿವಳಿಕೆ ನೇರವಾದುದು. ಹುಳುಗಳ ಹೆಣ್ಣು ಗಂಡು ಪ್ರಮಾಣವನ್ನು ಸೊಪ್ಪಿನಿಂದಾಗಲಿ ಸಾಕಣೆಯಿಂದಾಗಲಿ ಬದಲಾಯಿಸಲಾಗದು. ಹೆಣ್ಣು ಗೂಡು ಹೆಚ್ಚು ತೂಗುತ್ತದೆ, ಏಕೆಂದರೆ ಅದರೊಳಗಿನ ಕೋಶ ದೊಡ್ಡದು. ಗೂಡಿನ ತೂಕಕ್ಕೆ ಹೋಲಿಸಿದರೆ ರೇಷ್ಮೆಯ ಪಾಲು ಗಂಡು ಗೂಡಿನಲ್ಲಿ ಹೆಚ್ಚು. ಮಿಶ್ರತಳಿಯ ಗೂಡುಗಳಿಂದ ಮನೆಯಲ್ಲಿಯೇ ಮೊಟ್ಟೆ ಇಡಿಸಿದರೆ ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರಿ ಬೆಳೆ ಏಕರೂಪವಾಗಿ ಬರುವುದಿಲ್ಲ, ತಾಯಿ ಪತಂಗದ ಪರೀಕ್ಷೆಯಿಲ್ಲದುದರಿಂದ ಗಂಟುರೋಗದ ಅಪಾಯವೂ ಇದೆ. ತಾಯಿಯಿಂದ ಮೊಟ್ಟೆಗೆ ದಾಟುವುದು ಲಿಂಗವೊಂದೇ ಅಲ್ಲ, ಆ ರೋಗವೂ ಹೌದು. ಆದುದರಿಂದ ಅಧಿಕೃತ ಬಿತ್ತನೆ ಕೋಠಿಯ ರೋಗರಹಿತ ಮೊಟ್ಟೆಗಳನ್ನೇ ಪ್ರತಿ ಬೆಳೆಗೂ ತರಬೇಕು.

ಮತ್ತೊಂದು ಮಾತನ್ನು ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಸಭೆಗಳಲ್ಲಿ ಹೇಳಲೇಬೇಕು. ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆ. ರೇಷ್ಮೆ ಪತಂಗದಲ್ಲಿ ಸಂತಾನದ ಲಿಂಗವು ತಾಯಿಯಿಂದ ನಿರ್ಧಾರವಾಗುತ್ತದೆ, ಮನುಷ್ಯರಲ್ಲಿ ತಂದೆಯ ವೀರ್ಯಾಣುವಿನಿಂದ. ಎರಡರಲ್ಲಿಯೂ ಅದು ಯಾರ ಇಚ್ಛೆಗೂ ಒಳಪಟ್ಟುದಲ್ಲ, ಯಾರ ತಪ್ಪೂ ಅಲ್ಲ. ಭ್ರೂಣಲಿಂಗ ಪತ್ತೆಯನ್ನು 1994ರ ಕಾನೂನು ನಿಷೇಧಿಸಿದೆ. ಕಾನೂನು ನಿಲ್ಲಿಸಲಾಗದುದನ್ನು ತಿಳಿವಳಿಕೆ ನಿಲ್ಲಿಸಬಲ್ಲದು. ಚಂದ್ರಿಕೆಯ ಮುಂದೆ ನಿಂತು ಈ ಪಾಠವನ್ನು ಹೇಳಿದರೆ ಸಾಕಣೆ ಮಾಡುವ ಕುಟುಂಬಕ್ಕೆ ಅದು ಬೇಗ ಮನದಟ್ಟಾಗುತ್ತದೆ.

ಉಪಸಂಹಾರ

ಡಾ. ಕೋಲ್ಮನ್ ಅವರು 1954ರ ಸೆಪ್ಟೆಂಬರ್ 14ರಂದು ನಿಧನರಾದರು. ಅವರು ಕಟ್ಟಿ ಬೆಳೆಸಿದ ಹೆಬ್ಬಾಳ, ಬಾಳೆಹೊನ್ನೂರು ಮತ್ತು ವಿ.ಸಿ. ಫಾರ್ಮ್‌ಗಳು ಇಂದಿಗೂ ರೈತರ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿವೆ. ಜೋಳದ ಹೊಲದಲ್ಲಿ ಮಿಡತೆಯು ಎಲ್ಲಿ ಮೊಟ್ಟೆಯಿಡುತ್ತದೆಂದು ಬಗ್ಗಿ ನೋಡಿದ ಮನಸ್ಸೇ ಮೂರು ದಶಕಗಳ ಬಳಿಕ ಮಿಡತೆಯ ಜೀವಕೋಶದಲ್ಲಿ ಒಂಟಿ ವರ್ಣತಂತುವನ್ನು ನೋಡಿತು. ಮೊದಲನೆಯದರಿಂದ ಬೆಳೆ ಉಳಿಯಿತು. ಎರಡನೆಯದರಿಂದ ತಕ್ಷಣದ ಲಾಭ ಯಾರಿಗೂ ಆಗಲಿಲ್ಲ. ಆದರೆ ಅಂತಹ ಲಾಭವಿಲ್ಲದ ನೋಟಗಳು ಕೂಡಿಬಂದುದರಿಂದಲೇ ಇಂದು ಬಿತ್ತನೆ ಕೋಠಿಯಲ್ಲಿ ಹುಳುವಿನ ಮೈಬಣ್ಣ ನೋಡಿ ಹೆಣ್ಣು ಗಂಡು ಹೇಳುವುದು ಸಾಧ್ಯವಾಗಿದೆ. ಸಲಹೆ ಕೊಡುವ ಮುನ್ನ ಜೀವಿಯನ್ನು ಪೂರ್ತಿಯಾಗಿ ನೋಡಬೇಕೆಂಬುದು ಅವರು ಈ ನಾಡಿನ ಕೃಷಿ ವಿಜ್ಞಾನಕ್ಕೆ ಬಿಟ್ಟುಹೋದ ಪದ್ಧತಿ. ರೈತರ ಮನೆಬಾಗಿಲಿಗೆ ಹೋಗುವ ಪ್ರತಿಯೊಬ್ಬ ಕಾರ್ಯಕರ್ತರೂ ಅದನ್ನು ಪಾಲಿಸುವುದೇ ಅವರಿಗೆ ಸಲ್ಲಿಸುವ ಗೌರವ.